ಸೂಸಾ ಬ್ಯಾಂಡಿನ ರೆಕಾರ್ಡುಗಳಲ್ಲಿ ಸೂಸಾ ಎಲ್ಲಿ?

ಮಾರ್ಚ್ ಮ್ಯೂಸಿಕ್ (ಸೈನಿಕರ ಹೆಜ್ಜೆಗೆ ಹೊಂದೋ ಬ್ಯಾಂಡ್ ಸಂಗೀತ) ಬಗ್ಗೆ ಸ್ವಲ್ಪ ಆಸಕ್ತಿ ಇರೋ ಯಾರನ್ನೇ ಕೇಳಿ, ಅಮೆರಿಕದ ಬ್ಯಾಂಡ್ ಮಾಸ್ಟರ್ ಜಾನ್ ಫಿಲಿಪ್ ಸೂಸಾ ಹೆಸರು ಬಂದೇ ಬರುತ್ತೆ. ‘ಮಾರ್ಚ್ ಕಿಂಗ್’ ಅಂತಾನೇ ಅವರನ್ನ ಕರೀತಿದ್ರು. 130ಕ್ಕೂ ಹೆಚ್ಚು ಮಾರ್ಚ್ ಬರೆದಿದಾರೆ, ಅದರಲ್ಲಿ ಒಂದು, ‘ದ ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್’, 1987ರಿಂದ ಅಮೆರಿಕದ ಅಧಿಕೃತ ನ್ಯಾಷನಲ್ ಮಾರ್ಚ್. ನಾನು ಸುಮಾರು ದಿನದಿಂದ ಅವರ ಬ್ಯಾಂಡಿನ ಹಳೇ ಹಳೇ ರೆಕಾರ್ಡುಗಳನ್ನ ಹುಡುಕಿ ಹುಡುಕಿ ಕೇಳ್ತಾ ಇದೀನಿ. ಲೈಬ್ರರಿ ಆಫ್ ಕಾಂಗ್ರೆಸ್‌ನವರು ನ್ಯಾಷನಲ್ ಜೂಕ್‌ಬಾಕ್ಸ್ ಅಂತ ಒಂದು ಸೈಟ್ ಮಾಡಿ ಫ್ರೀಯಾಗಿ ಇಟ್ಟಿದಾರೆ, ಇನ್ನೂ ಹಿಂದಿನ ಮೇಣದ ಸಿಲಿಂಡರ್‌ಗಳು (ತಟ್ಟೆಗಿಂತ ಮುಂಚಿನ, ಕೊಳವೆ ಆಕಾರದ ರೆಕಾರ್ಡುಗಳು) ಬೇಕು ಅಂದ್ರೆ ಸಾಂಟಾ ಬಾರ್ಬರಾದಲ್ಲಿರೋ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಆರ್ಕೈವ್ ಇದೆ. ಒಳ್ಳೆ ಹೆಡ್‌ಫೋನ್ ಹಾಕ್ಕೊಂಡು ಕೂತ್ರೆ ರಾತ್ರಿ ಹನ್ನೆರಡಾದ್ರೂ ಗೊತ್ತಾಗಲ್ಲ.

ಆದ್ರೆ ಕೇಳ್ತಾ ಕೇಳ್ತಾ ಒಂದು ವಿಷಯ ಮನಸ್ಸಿಗೆ ನಾಟ್ತು. ಲೇಬಲ್ ಮೇಲೆ ದಪ್ಪಕ್ಷರದಲ್ಲಿ ‘ಸೂಸಾಸ್ ಬ್ಯಾಂಡ್’ ಅಂತ ಇರುತ್ತೆ, ಸಾವಿರಕ್ಕೂ ಹೆಚ್ಚು ರೆಕಾರ್ಡು ಆ ಹೆಸರಲ್ಲಿ ಬಂದಿವೆ, ಅದರಲ್ಲಿ ಸೂಸಾ ಖುದ್ದಾಗಿ ನಿಂತು ನಡೆಸಿದ್ದು ಬೆರಳಲ್ಲಿ ಎಣಿಸೋ ಅಷ್ಟು ಮಾತ್ರ! ಜಗತ್ತಲ್ಲಿ ಮೊಟ್ಟಮೊದಲು ರೆಕಾರ್ಡಿಂಗಿಂದ ಹೆಸರು ಮಾಡಿದ ಬ್ಯಾಂಡುಗಳಲ್ಲಿ ಇವರದ್ದೂ ಒಂದು, ಆ ಬ್ಯಾಂಡಿನ ಯಜಮಾನನಿಗೇ ರೆಕಾರ್ಡಿಂಗ್ ಮೆಷಿನ್ ಕಂಡ್ರೆ ಆಗ್ತಿರ್ಲಿಲ್ಲ. ಇದು ಯಾಕೆ ಹೀಗೆ ಅಂತ ಓದ್ತಾ ಹೋದಾಗ ನಂಗೆ ಅವರ ಮೇಲೆ ಗೌರವ ಇನ್ನೂ ಜಾಸ್ತಿ ಆಯ್ತು, ಅದಕ್ಕೇ ಈ ಪೋಸ್ಟು.

ಮೊದಲು ಮನುಷ್ಯನ ಬಗ್ಗೆ ಸ್ವಲ್ಪ ಹೇಳ್ಬಿಡ್ತೀನಿ. ಹುಟ್ಟಿದ್ದು 1854ರ ನವೆಂಬರ್ 6, ವಾಷಿಂಗ್ಟನ್‌ನಲ್ಲಿ, ಮರೀನ್ ಬ್ಯಾರಕ್ಸ್ (ಅಮೆರಿಕದ ಮರೀನ್ ಸೇನೆಯ ಠಾಣೆ) ಹತ್ರಾನೇ ಮನೆ. ತಂದೆ ಪೋರ್ಚುಗೀಸ್ ಮೂಲದವರು, ಆ ಸೇನೆಯದೇ ಆದ ಮರೀನ್ ಬ್ಯಾಂಡಲ್ಲಿ ಟ್ರಾಂಬೋನ್ ನುಡಿಸ್ತಿದ್ರು, ತಾಯಿ ಜರ್ಮನಿಯ ಬವೇರಿಯಾ ಕಡೆಯವರು. ಹುಡುಗ ಪಿಟೀಲು ಕಲೀತಿದ್ದ. ಹದಿಮೂರನೇ ವಯಸ್ಸಲ್ಲಿ ಒಂದು ಸರ್ಕಸ್ ಕಂಪನಿಯವನು ಇವನ ಪಿಟೀಲು ಕೇಳಿ ನಮ್ಮ ಬ್ಯಾಂಡಿಗೆ ಬಾ ಅಂತ ಕರೆದ, ಇವನೂ ಮನೇಲಿ ಹೇಳದೆ ಹೋಗೋಕೆ ರೆಡಿಯಾದ, ಪಕ್ಕದ ಮನೆ ಹುಡುಗನ ಬಾಯಿಂದ ವಿಷಯ ಮನೆಗೆ ಮುಟ್ಟಿ ತಂದೆ ಒಂದು ಮಾತೂ ಬೈಯದೆ ಕೈಹಿಡಿದು ಕರ್ಕೊಂಡು ಹೋಗಿ ಮರೀನ್ ಬ್ಯಾಂಡಿಗೆ ಅಪ್ರೆಂಟಿಸ್ ಅಂತ ಸೇರಿಸಿಬಿಟ್ರು. 1868ರ ಜೂನ್‌ನಲ್ಲಿ ಇದು ಆಗಿದ್ದು. ಮಗ ಓಡಿಹೋಗೋ ಬ್ಯಾಂಡು ಬದಲು ಓಡಿಹೋಗೋಕಾಗದ ಬ್ಯಾಂಡಿಗೆ ಸೇರಿಸಿದ ಆ ತಂದೆ ನಂಗೆ ತುಂಬಾ ಇಷ್ಟ.

1875ರಲ್ಲಿ ಅಲ್ಲಿಂದ ಹೊರಗೆ ಬಂದು ಕೆಲವು ವರ್ಷ ಥಿಯೇಟರ್ ಆರ್ಕೆಸ್ಟ್ರಾಗಳಲ್ಲಿ ಪಿಟೀಲು ನುಡಿಸಿದ್ರು, ಕಂಡಕ್ಟ್ ಮಾಡಿದ್ರು. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕ ಸ್ವಾತಂತ್ರ್ಯದ ಶತಮಾನೋತ್ಸವ ಪ್ರದರ್ಶನಕ್ಕೆ ಫ್ರಾನ್ಸಿನ ಸಂಗೀತ ಸಂಯೋಜಕ ಆಫೆನ್‌ಬಾಕ್ ಬಂದಾಗ ಅವರ ಆರ್ಕೆಸ್ಟ್ರಾದಲ್ಲೂ ಕೂತಿದ್ರು. 1880ರ ಅಕ್ಟೋಬರ್‌ನಲ್ಲಿ ಅದೇ ಮರೀನ್ ಬ್ಯಾಂಡಿನಿಂದ ಮತ್ತೆ ಕರೆ ಬಂತು, ಈ ಸಲ ಲೀಡರ್ ಆಗಿ. ಆಗಿನ್ನೂ 26 ತುಂಬಿರ್ಲಿಲ್ಲ. ತನಗಿಂತ ದೊಡ್ಡವರನ್ನ ಹದ್ದುಬಸ್ತಲ್ಲಿ ಇಡಬೇಕಲ್ಲ, ಅದಕ್ಕೆ ಗಡ್ಡ ಬಿಟ್ರು. ಆ ಗಡ್ಡ ಮುಂದೆ ಅವರ ಗುರುತೇ ಆಗೋಯ್ತು. ಹನ್ನೆರಡು ವರ್ಷದಲ್ಲಿ ಐದು ಜನ ಪ್ರೆಸಿಡೆಂಟುಗಳ ಕಾಲ ನೋಡಿದ್ರು: ಹೇಯ್ಸ್, ಗಾರ್ಫೀಲ್ಡ್, ಆರ್ಥರ್, ಕ್ಲೀವ್‌ಲ್ಯಾಂಡ್, ಹ್ಯಾರಿಸನ್. ವೈಟ್‌ಹೌಸ್ ಕಾರ್ಯಕ್ರಮಗಳಿಗೆ ಹಳೇ ಪೋಲ್ಕಾ, ಕ್ವಾಡ್ರಿಲ್ ಎಲ್ಲಾ ತೆಗೆದುಹಾಕಿ ಹೊಸ ಪುಸ್ತಕಗಳು ತರಿಸಿದ್ರು, ಪ್ರಾಕ್ಟೀಸ್ ಕಟ್ಟುನಿಟ್ಟು ಮಾಡಿದ್ರು.

ಆ ಹೊತ್ತಲ್ಲಿ ಬರೆದ ಮಾರ್ಚುಗಳು: ‘ದ ಗ್ಲೇಡಿಯೇಟರ್’ 1886, ‘ಸೆಂಪರ್ ಫಿಡೆಲಿಸ್’ 1888, ‘ದ ವಾಷಿಂಗ್ಟನ್ ಪೋಸ್ಟ್’ ಮತ್ತು ‘ದ ಥಂಡರರ್’ 1889, ‘ದ ಹೈಸ್ಕೂಲ್ ಕೆಡೆಟ್ಸ್’ 1890. ಈ ಐದೇ ವರ್ಷದ ಫಸಲು ನೋಡಿ! ಬೇರೆ ಯಾರಾದ್ರೂ ಇದರಲ್ಲಿ ಒಂದೇ ಒಂದು ಬರೆದಿದ್ರೂ ಹೆಸರು ಉಳೀತಿತ್ತು.

ವಾಷಿಂಗ್ಟನ್ ಪೋಸ್ಟ್ ಕಥೆ ಹೇಳ್ಲೇಬೇಕು. ಅದೇ ಹೆಸರಿನ ನ್ಯೂಸ್ ಪೇಪರಿನವರು ಶಾಲಾ ಮಕ್ಕಳಿಗೆ ಪ್ರಬಂಧ ಸ್ಪರ್ಧೆ ಇಟ್ಟಿದ್ರು, ಬಹುಮಾನ ಕೊಡೋ ದಿನಕ್ಕೆ ಒಂದು ಮಾರ್ಚ್ ಬರೆದುಕೊಡಿ ಅಂದ್ರು, ಬರೆದ್ರು. 1889ರ ಜೂನ್ 15ಕ್ಕೆ ಸ್ಮಿತ್‌ಸೋನಿಯನ್ ಮೈದಾನದಲ್ಲಿ ಮೊದಲು ನುಡಿಸಿದ್ದು. ಆ ಹೊತ್ತಿಗೆ ಸರಿಯಾಗಿ ಟೂ-ಸ್ಟೆಪ್ ಅನ್ನೋ ಹೊಸ ಡ್ಯಾನ್ಸ್ ಶುರುವಾಗ್ತಿತ್ತು, ಈ ಮಾರ್ಚಿನ 6/8 ತಾಳ ಆ ಹೆಜ್ಜೆಗೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂತ್ಕೊಂಡ್ತು. ಯುರೋಪಲ್ಲಿ ಆ ಡ್ಯಾನ್ಸಿಗೇ ‘ವಾಷಿಂಗ್ಟನ್ ಪೋಸ್ಟ್’ ಅಂತ ಕರೆಯೋಕೆ ಶುರು ಮಾಡಿದ್ರು ಅಂದ್ರೆ ಲೆಕ್ಕ ಹಾಕಿ. ಇಷ್ಟೆಲ್ಲ ಆದ್ಮೇಲೆ ಸೂಸಾಗೆ ಸಿಕ್ಕಿದ್ದೆಷ್ಟು? 35 ಡಾಲರ್. ಫಿಲಡೆಲ್ಫಿಯಾದ ಪಬ್ಲಿಷರ್ ಹ್ಯಾರಿ ಕೋಲ್ಮನ್‌ಗೆ ಹಕ್ಕೆಲ್ಲಾ ಒಟ್ಟಿಗೆ ಮಾರಿಬಿಟ್ಟಿದ್ರು. ಶೀಟ್ ಮ್ಯೂಸಿಕ್ (ಅಚ್ಚು ಹಾಕಿದ ಸ್ವರಲಿಪಿ) ಲಕ್ಷಗಟ್ಟಲೆ ಖರ್ಚಾಯ್ತು, ಬರೆದವರ ಕೈಗೆ ಮತ್ತೆ ಒಂದು ಕಾಸೂ ಬರ್ಲಿಲ್ಲ. ಮುಂದೆ ರೆಕಾರ್ಡ್ ಕಂಪನಿಗಳ ಮೇಲೆ ಇವರು ಹರಿಹಾಯ್ದಾಗ ಈ 35 ಡಾಲರ್ ನೆನಪಿಟ್ಕೋಬೇಕು, ಅವರಿಗೆ ಅದು ಎಷ್ಟು ಚುಚ್ಚಿತ್ತೋ.

ಈಗ ರೆಕಾರ್ಡಿಂಗ್ ವಿಷಯಕ್ಕೆ ಬರ್ತೀನಿ. ಎಡಿಸನ್ ಫೋನೋಗ್ರಾಫನ್ನ ಆಫೀಸ್ ಕೆಲಸಕ್ಕೆ ಅಂತ ಮಾರ್ತಿದ್ರು, ಸಾಹೇಬ್ರು ಹೇಳಿದ್ದು ರೆಕಾರ್ಡ್ ಆಗುತ್ತೆ, ಗುಮಾಸ್ತ ಕೇಳ್ಕೊಂಡು ಟೈಪ್ ಮಾಡ್ತಾನೆ, ಇದು ಪ್ಲಾನು. ವಾಷಿಂಗ್ಟನ್ ಸುತ್ತಮುತ್ತ ಆ ಮೆಷಿನ್ ಮಾರೋ ಹಕ್ಕು ತಗೊಂಡ ಕಂಪನಿಯೇ ಕೊಲಂಬಿಯಾ, ಅದನ್ನ ನಡೆಸ್ತಿದ್ದ ಎಡ್ವರ್ಡ್ ಈಸ್ಟನ್ ಸ್ವತಃ ಶೀಘ್ರಲಿಪಿಕಾರ. ಸರ್ಕಾರಿ ಆಫೀಸುಗಳೇ ತುಂಬಿರೋ ಊರು, ವ್ಯಾಪಾರ ಚೆನ್ನಾಗಿ ನಡೆಯುತ್ತೆ ಅಂದ್ಕೊಂಡ್ರು, ನಡೀಲಿಲ್ಲ. ಅಷ್ಟರಲ್ಲಿ 1889ರ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಲೂನಲ್ಲಿ ಲೂಯಿಸ್ ಗ್ಲಾಸ್ ಅನ್ನೋರು ಫೋನೋಗ್ರಾಫಿಗೆ ಕಾಸು ಹಾಕೋ ಕಿಂಡಿ ಮಾಡಿ ಇಟ್ರು, ನಿಕಲ್ (ಐದು ಸೆಂಟ್ ನಾಣ್ಯ) ಹಾಕು, ಕಿವಿಗೆ ಕೊಳವೆ ಇಟ್ಕೋ, ಹಾಡು ಕೇಳು. ಜನ ಮುಗಿಬಿದ್ರು. ಆವಾಗ ಎಲ್ಲಾ ಕಂಪನಿಗೂ ಗೊತ್ತಾಯ್ತು, ದುಡ್ಡಿರೋದು ಸಾಹೇಬರ ಪತ್ರದಲ್ಲಲ್ಲ, ಸಂಗೀತದಲ್ಲಿ ಅಂತ.

ಕೊಲಂಬಿಯಾದವರು ತಮ್ಮ ಊರಲ್ಲಿ ಒಳ್ಳೆ ಸಂಗೀತ ಎಲ್ಲಿದೆ ಅಂತ ನೋಡಿದ್ರೆ ಕೂಗಳತೆ ದೂರದಲ್ಲಿ ದೇಶದ ಅತಿ ಪ್ರಸಿದ್ಧ ಬ್ಯಾಂಡು! 1890ರಿಂದ ಮರೀನ್ ಬ್ಯಾಂಡಿನ ವಾದಕರನ್ನ ಕರೆಸಿ ರೆಕಾರ್ಡ್ ಮಾಡೋಕೆ ಶುರು ಮಾಡಿದ್ರು. 1897ರ ಹೊತ್ತಿಗೆ ಮರೀನ್ ಬ್ಯಾಂಡಿನ 400ಕ್ಕೂ ಹೆಚ್ಚು ಬೇರೆ ಬೇರೆ ಸಿಲಿಂಡರ್‌ಗಳು ಮಾರಾಟಕ್ಕಿದ್ವು. ಆ ಕಾಲಕ್ಕೆ ಬ್ಯಾಂಡ್ ಸಂಗೀತವೇ ಯಾಕೆ ಅಷ್ಟು ಓಡ್ತು ಅನ್ನೋದಕ್ಕೆ ಒಂದು ಗಟ್ಟಿ ಕಾರಣ ಇದೆ. ಮೈಕ್ ಅನ್ನೋದು ಇರ್ಲಿಲ್ಲ, ಅದು ರೆಕಾರ್ಡಿಂಗಿಗೆ ಬಂದಿದ್ದು 1925ರಲ್ಲಿ. ಅಲ್ಲೀವರೆಗೆ ಒಂದು ದೊಡ್ಡ ಹಾರ್ನ್, ಅದರ ತುದೀಲಿ ತೆಳು ಪೊರೆ, ಪೊರೆಗೆ ಸೂಜಿ, ಸೂಜಿ ಕೆಳಗೆ ತಿರುಗೋ ಮೇಣ. ಗಾಳಿಯ ಒತ್ತಡವೇ ಸೂಜಿ ಅಲ್ಲಾಡಿಸಬೇಕು. ಪಿಟೀಲು, ವೀಣೆ ಥರದ ಮೆದು ವಾದ್ಯ ಅದಕ್ಕೆ ಕೇಳಿಸ್ತಾನೇ ಇರ್ಲಿಲ್ಲ, ಕಾರ್ನೆಟ್, ಟ್ರಾಂಬೋನ್, ಟ್ಯೂಬಾ ಥರದ ಜೋರು ಹಿತ್ತಾಳೆ ವಾದ್ಯ ಆದ್ರೆ ನೇರವಾಗಿ ಹೋಗಿ ಕೊರೀತಿತ್ತು. ಡ್ರಮ್ಮಿಂದ ಮಾತ್ರ ತೊಂದರೆ, ದೊಡ್ಡ ಡ್ರಮ್ಮಿನ ಒಂದು ಏಟಿಗೆ ಸೂಜಿ ಹಾರಿಬಿಡ್ತಿತ್ತು, ಅದಕ್ಕೆ ಡ್ರಮ್ಮಿನವರನ್ನ ದೂರ ಇಡ್ತಿದ್ರು, ಕೆಲವು ಸಲ ಬಿಟ್ಟೇಬಿಡ್ತಿದ್ರು.

ಇನ್ನೊಂದು ಮುಖ್ಯ ವಿಷಯ, ಆಗ ಒಂದು ಸಿಲಿಂಡರಿಂದ ಸಾವಿರ ಕಾಪಿ ಅಚ್ಚು ಹಾಕೋ ವಿದ್ಯೆ ಇನ್ನೂ ಬಂದಿರ್ಲಿಲ್ಲ, ಅದು ಬಂದಿದ್ದು 1900 ದಾಟಿದ್ಮೇಲೆ. ಹಾಗಾಗಿ ಹತ್ತು ಮೆಷಿನ್ ಒಟ್ಟಿಗೆ ಇಟ್ಟು ಹತ್ತು ಹಾರ್ನುಗಳ ಮುಂದೆ ಬ್ಯಾಂಡು ನುಡಿಸಿದ್ರೆ ಹತ್ತು ಸಿಲಿಂಡರ್. ನೂರು ಬೇಕಾದ್ರೆ ಅದೇ ಮಾರ್ಚನ್ನ ಒಟ್ಟು ಹತ್ತು ಸಲ ನುಡಿಸಬೇಕು. ಯೋಚನೆ ಮಾಡಿ, ಸೆಖೆಗಾಲದಲ್ಲಿ, ಚಿಕ್ಕ ರೂಮಲ್ಲಿ ಒತ್ತೊತ್ತಾಗಿ ನಿಂತು, ಬೆಳಗ್ಗೆಯಿಂದ ಸಾಯಂಕಾಲದವರೆಗೆ ವಾಷಿಂಗ್ಟನ್ ಪೋಸ್ಟ್, ವಾಷಿಂಗ್ಟನ್ ಪೋಸ್ಟ್, ವಾಷಿಂಗ್ಟನ್ ಪೋಸ್ಟ್. ಕಾರ್ನೆಟ್ ನುಡಿಸೋರ ತುಟಿ ಏನಾಗಿರ್ಬೇಡ. ನಾವು ಇವತ್ತು ಕೇಳೋ ಒಂದೇ ಮಾರ್ಚಿನ ಸಿಲಿಂಡರ್‌ಗಳು ಬೇರೆ ಬೇರೆ ಸಲದ ನುಡಿಸಾಣಿಕೆ ಆಗಿರಬಹುದು, ಎರಡು ಕಾಪಿ ಸಿಕ್ರೆ ಎರಡರಲ್ಲೂ ಚೂರು ಚೂರು ವ್ಯತ್ಯಾಸ ಇರೋ ಸಾಧ್ಯತೆ ಇದೆ. ನಂಗೆ ಇದು ರೋಮಾಂಚನ ಆಗೋ ವಿಷಯ.

ಒಂದು ಸಿಲಿಂಡರ್ ಕೇಳೋ ಅನುಭವ ಹೇಗಿರುತ್ತೆ ಹೇಳ್ತೀನಿ. ಮೊದಲು ಸೂಂಯ್ ಅನ್ನೋ ಸದ್ದು, ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ. ಆಮೇಲೆ ಒಬ್ಬ ಗಂಡಸು ಗಂಟಲು ಹರಿಯೋ ಹಾಗೆ ಕೂಗ್ತಾನೆ, ಇಂಥ ಮಾರ್ಚ್, ಇಂಥ ಬ್ಯಾಂಡು, ಇಂಥ ಕಂಪನಿ ಅಂತ. ಮೇಣದ ಮೇಲೆ ಹೆಸರು ಬರೆಯೋಕಾಗಲ್ಲ, ಅದಕ್ಕೆ ಹೆಸರನ್ನೂ ರೆಕಾರ್ಡ್ ಮಾಡ್ಬಿಡ್ತಿದ್ರು. ಅವನ ಕೂಗು ಮುಗಿಯೋದೇ ತಡ ಬ್ಯಾಂಡ್ ಹಾರಿ ಬೀಳುತ್ತೆ. ಕಾರ್ನೆಟ್ ಮುಂದೆ, ಬಹಳ ಮುಂದೆ. ಕ್ಲಾರಿನೆಟ್ ಎಲ್ಲೋ ಹಿಂದೆ ತೆಳುವಾಗಿ. ಟ್ಯೂಬಾ ‘ಊಂಪಾ ಊಂಪಾ’ ಅನ್ನೋದು ಕೇಳೋದಕ್ಕಿಂತ ಊಹಿಸ್ಕೋಬೇಕು. ಎರಡು ನಿಮಿಷಕ್ಕೆ ಮೇಣ ಮುಗಿಯುತ್ತೆ, ಅಷ್ಟರೊಳಗೆ ಮಾರ್ಚ್ ಮುಗಿಸಬೇಕು ಅಂತ ರಿಪೀಟುಗಳೆಲ್ಲ ಕಟ್. ಕೆಲವು ಸಲ ಕೊನೆಗೆ ಓಟ ಕಿತ್ತಿದಾರೆ ಅನ್ಸುತ್ತೆ.

ಇದರಲ್ಲಿ ಕಳೆದುಹೋಗೋದು ಏನು ಅಂತ ತಿಳೀಬೇಕಾದ್ರೆ ‘ಸೆಂಪರ್ ಫಿಡೆಲಿಸ್’ ತಗೊಳ್ಳಿ. ಅದರ ಟ್ರಿಯೋ (ಮಾರ್ಚಿನ ಎರಡನೇ ಮುಖ್ಯ ಭಾಗ) ಶುರುವಾಗೋದೇ ಬರೀ ಡ್ರಮ್ಮಿಂದ, ಎಂಟು ಬಾರ್ ಡ್ರಮ್ ಒಂದೇ. ಆಮೇಲೆ ಬ್ಯೂಗಲ್ ಕರೆ ಬರುತ್ತೆ, ಆ ರಾಗ ಸೂಸಾ ಸೈನಿಕರಿಗೆ ಅಂತ 1886ರಲ್ಲಿ ಬರೆದ ಟ್ರಂಪೆಟ್ ಮತ್ತು ಡ್ರಮ್ ಪಾಠದ ಪುಸ್ತಕದ್ದೇ. ಅದರ ಮೇಲೆ ಒಂದೊಂದೇ ಎಳೆ ಸೇರ್ತಾ ಹೋಗಿ, ಮೂರನೇ ಸಲಕ್ಕೆ ಇಡೀ ಬ್ಯಾಂಡು ಒಟ್ಟಿಗೆ ನಿಂತಾಗ ಮೈ ಝುಮ್ ಅನ್ಬೇಕು. ಡ್ರಮ್ಮೇ ಸರಿಯಾಗಿ ಹಿಡಿಯದ, ಎರಡು ನಿಮಿಷದ ಮೇಣದ ಮೇಲೆ ಈ ಏರಿಕೆ ಎಲ್ಲಿಂದ ಬರಬೇಕು? ರಾಗ ಉಳೀತು, ಮಾರ್ಚ್ ಉಳೀಲಿಲ್ಲ ಅಂತೀನಿ ನಾನು.

1892ರಲ್ಲಿ ಡೇವಿಡ್ ಬ್ಲೇಕ್ಲಿ ಅನ್ನೋ ಮ್ಯಾನೇಜರ್ ಒಳ್ಳೆ ಆಫರ್ ಕೊಟ್ರು, ಸೂಸಾ ಮರೀನ್ ಕೆಲಸ ಬಿಟ್ಟು ತಮ್ಮದೇ ಬ್ಯಾಂಡ್ ಕಟ್ಟಿದ್ರು. ಮೊದಲ ಕಾರ್ಯಕ್ರಮ ಸೆಪ್ಟೆಂಬರ್ 26ಕ್ಕೆ ನ್ಯೂಜೆರ್ಸಿಯ ಪ್ಲೇನ್‌ಫೀಲ್ಡಲ್ಲಿ. ಅದಕ್ಕೆ ಎರಡೇ ದಿನ ಮುಂಚೆ ಆ ಕಾಲದ ದೊಡ್ಡ ಬ್ಯಾಂಡ್ ಮಾಸ್ಟರ್ ಪ್ಯಾಟ್ರಿಕ್ ಗಿಲ್ಮೋರ್ ತೀರ್ಕೊಂಡಿದ್ರು. ಒಬ್ಬರ ಕಾಲ ಮುಗಿದು ಇನ್ನೊಬ್ಬರದು ಶುರುವಾಗಿದ್ದು ಹೀಗೆ ಒಂದೇ ವಾರದಲ್ಲಿ. ಇಲ್ಲಿಂದ ಮುಂದೆ ಸುಮಾರು ನಲವತ್ತು ವರ್ಷ ಊರೂರು ತಿರುಗಾಟ, 1900ರಿಂದ 1905ರೊಳಗೆ ನಾಲ್ಕು ಸಲ ಯುರೋಪು, 1910ರ ಕೊನೆಗೆ ಹೊರಟು ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫಿಜಿ ಎಲ್ಲಾ ಸುತ್ತಿದ ವಿಶ್ವಪ್ರವಾಸ.

ಹಕ್ಕು ಮಾರೋ ತಪ್ಪನ್ನೂ ಇಲ್ಲಿ ತಿದ್ಕೊಂಡ್ರು. 1893ರ ‘ದ ಲಿಬರ್ಟಿ ಬೆಲ್’ ಅನ್ನ ಜಾನ್ ಚರ್ಚ್ ಕಂಪನಿಗೆ ರಾಯಲ್ಟಿ ಲೆಕ್ಕದಲ್ಲಿ ಕೊಟ್ರು, ಏಳು ವರ್ಷದೊಳಗೆ 40,000 ಡಾಲರ್ ಬಂತು. 35 ಎಲ್ಲಿ, 40,000 ಎಲ್ಲಿ!

1896ರಲ್ಲಿ ಹೆಂಡತಿ ಜೊತೆ ಇಟಲಿಯಲ್ಲಿ ರಜೆ ಕಳೀತಿರೋವಾಗ ಬ್ಲೇಕ್ಲಿ ತೀರ್ಕೊಂಡ ಸುದ್ದಿ ಪೇಪರಲ್ಲಿ ಓದಿದ್ರು. ‘ಟ್ಯೂಟಾನಿಕ್’ ಅನ್ನೋ ಹಡಗಲ್ಲಿ ವಾಪಸ್ ಬರೋವಾಗ ಡೆಕ್ ಮೇಲೆ ಓಡಾಡ್ತಾ ಇದ್ರೆ ತಲೆಯೊಳಗೆ ಒಂದು ಬ್ಯಾಂಡು ನುಡಿಸ್ತಾನೇ ಇತ್ತಂತೆ, ದಡ ಸೇರೋವರೆಗೂ ನಿಲ್ಲಲಿಲ್ಲವಂತೆ. ಅವತ್ತು ಹಡಗಲ್ಲಿ ಒಂದು ಸ್ವರಾನೂ ಬರೆದಿಲ್ಲ, ಊರಿಗೆ ಬಂದ್ಮೇಲೆ ಕ್ರಿಸ್‌ಮಸ್ ದಿನ ಕಾಗದಕ್ಕಿಳಿಸಿದ್ರು. ಅದೇ ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್. ಕೊನೆಯಲ್ಲಿ ಆ ಪಿಕಲೋ ಕೊಳಲು ಮೇಲೆ ಕುಣೀತಿರುತ್ತೆ, ಕೆಳಗೆ ಟ್ರಾಂಬೋನು ಬೇರೇನೇ ರಾಗ ಹಿಡಿದಿರುತ್ತೆ, ಮಧ್ಯದಲ್ಲಿ ಮುಖ್ಯ ರಾಗ ಏನೂ ಆಗದ ಹಾಗೆ ಗಂಭೀರವಾಗಿ ಸಾಗ್ತಿರುತ್ತೆ. ಪೂರ್ತಿ ನುಡಿಸಿದ್ರೆ ಮೂರುವರೆ ನಿಮಿಷದ ಹತ್ರ. ಹಳೇ ಸಿಲಿಂಡರಲ್ಲಿ ಹಿಡಿಸೋದೇ ಇಲ್ಲ, ಏನಾದ್ರೂ ಕತ್ತರಿಸಲೇಬೇಕು. ಯಾವುದನ್ನ ಕತ್ತರಿಸ್ತೀರಿ ಹೇಳಿ?

ಇಷ್ಟು ಹೊತ್ತಿಗೆ ತಟ್ಟೆ ರೆಕಾರ್ಡುಗಳು ಬಂದಿದ್ವು, ಬರ್ಲಿನರ್ ಕಂಪನಿ, ಆಮೇಲೆ ವಿಕ್ಟರ್. ಎರಡಕ್ಕೂ ಸೂಸಾ ಬ್ಯಾಂಡು ರೆಕಾರ್ಡ್ ಮಾಡ್ತು, ಆದ್ರೆ ಕಂಡಕ್ಟರ್ ಕೋಲು ಹಿಡಿದು ನಿಂತೋರು ಬೇರೆಯವರು. ಟ್ರಾಂಬೋನ್ ಮಾಂತ್ರಿಕ ಆರ್ಥರ್ ಪ್ರಯರ್ ಬಹಳಷ್ಟು ನಡೆಸಿದ್ರು, 1903ರಲ್ಲಿ ಅವರು ಬಿಟ್ಟು ಹೋದ್ಮೇಲೆ ಕಾರ್ನೆಟ್‌ನ ಹರ್ಬರ್ಟ್ ಕ್ಲಾರ್ಕ್, ವಾಲ್ಟರ್ ರೋಜರ್ಸ್ ಹೀಗೆ. ಪ್ರಯರ್ ಅವರ ಟ್ರಾಂಬೋನ್ ಸೋಲೋ ರೆಕಾರ್ಡುಗಳು ಇವತ್ತಿಗೂ ಕೇಳಿದ್ರೆ ಬಾಯಿ ಬಿಟ್ಕೊಂಡು ಕೂರಬೇಕು, ಅಷ್ಟು ಸಲೀಸು. ಯಜಮಾನರು ಮಾತ್ರ ಆ ಕಡೆ ತಲೆ ಹಾಕಲ್ಲ.

1906ರಲ್ಲಿ ಬಾಂಬು. ‘ಆಪಲ್ಟನ್ಸ್’ ಅನ್ನೋ ಮ್ಯಾಗಜೀನಿನ ಸೆಪ್ಟೆಂಬರ್ ಸಂಚಿಕೆಯಲ್ಲಿ ಯಾಂತ್ರಿಕ ಸಂಗೀತ ಅನ್ನೋದು ಒಂದು ಪಿಡುಗು ಅಂತ ಸೂಸಾ ಉದ್ದ ಲೇಖನ ಬರೆದ್ರು. ರೆಕಾರ್ಡಿನ ಸಂಗೀತಾನ ಡಬ್ಬಿ ಆಹಾರದ ಸಾಲಿಗೆ ಸೇರಿಸಿ ಮಾತಾಡಿದ್ರು. ಮೆಷಿನ್ ಹಾಡೋವಾಗ ಕಷ್ಟಪಟ್ಟು ಪಿಟೀಲು ಯಾರು ಕಲೀತಾರೆ, ತಾಯಿ ಮಗೂಗೆ ಲಾಲಿ ಯಾಕೆ ಹಾಡ್ತಾಳೆ, ಯುದ್ಧಕ್ಕೆ ಹೊರಟ ಸೈನಿಕರ ಮುಂದೆ ಬ್ಯಾಂಡ್ ಬದಲು ಮೋಟಾರು ಗಾಡಿ ಮೇಲೆ ದೊಡ್ಡ ಫೋನೋಗ್ರಾಫ್ ಇಟ್ಕೊಂಡು ಹೋಗ್ತೀರಾ ಅಂತೆಲ್ಲಾ ಕೇಳಿದ್ರು. ಅದೇ ವರ್ಷ ಅಮೆರಿಕದ ಕಾಂಗ್ರೆಸ್ ಕಮಿಟಿ ಮುಂದೆ ಹೋಗಿ, ನಾನು ಹುಡುಗನಾಗಿದ್ದಾಗ ಬೇಸಿಗೆ ಸಾಯಂಕಾಲ ಪ್ರತಿ ಮನೆ ಮುಂದೆ ಹುಡುಗ್ರು ಹುಡುಗೀರು ಸೇರಿ ಹಾಡ್ತಿದ್ರು, ಈಗ ಹಗಲೂ ರಾತ್ರಿ ಈ ಹಾಳು ಮೆಷಿನ್‌ಗಳ ಸದ್ದೇ, ಹೀಗೇ ಆದ್ರೆ ಮಂಗನಿಂದ ಬಂದಾಗ ಮನುಷ್ಯನ ಬಾಲ ಉದುರಿದ ಹಾಗೆ ಗಂಟಲಿನ ತಂತುಗಳೂ ಉದುರಿಹೋಗ್ತವೆ ಅಂತ ಹೇಳಿದ್ರು.

ಈ ಬಾಲದ ಮಾತನ್ನ ಎಲ್ಲಾ ಕಡೆ ಹಾಕ್ತಾರೆ, ಹೊಸದನ್ನ ಕಂಡ್ರೆ ಉರ್ಕೊಳ್ಳೋ ಮುದುಕ ಅನ್ನೋ ಥರ ತೋರಿಸ್ತಾರೆ. ನಂಗೆ ಅದು ಅನ್ಯಾಯ ಅನ್ಸುತ್ತೆ. ಯಾಕೆ ಅಂದ್ರೆ ಆ ಲೇಖನದ, ಆ ಸಾಕ್ಷ್ಯದ ತಿರುಳೇ ಬೇರೆ ಇತ್ತು. ಆಗಿನ ಕಾಪಿರೈಟ್ ಕಾನೂನಲ್ಲಿ ಕಾಗದದ ಮೇಲಿನ ಸಂಗೀತಕ್ಕೆ ಮಾತ್ರ ರಕ್ಷಣೆ. ರೆಕಾರ್ಡ್ ಕಂಪನಿ, ಪಿಯಾನೋ ರೋಲ್ (ತಾನಾಗೇ ನುಡಿಯೋ ಪಿಯಾನೋಗೆ ಹಾಕೋ ತೂತು ಕೊರೆದ ಕಾಗದದ ಸುರುಳಿ) ಕಂಪನಿ ಯಾರ ರಾಗ ಬೇಕಾದ್ರೂ ತಗೊಂಡು ಮಾರಬಹುದು, ಬರೆದವರಿಗೆ ಒಂದು ಪೈಸೆ ಕೊಡಬೇಕಾಗಿಲ್ಲ. ಕ್ಯಾಟಲಾಗ್ ತೆಗೆದ್ರೆ ಪುಟಪುಟಕ್ಕೂ ಸೂಸಾ ಮಾರ್ಚು, ಸೂಸಾಗೆ ಸಿಗೋದು ಸೊನ್ನೆ. ಬ್ಯಾಂಡಿಗೆ ನುಡಿಸಿದ್ದಕ್ಕೆ ದುಡ್ಡು ಬರ್ತಿತ್ತಲ್ಲ ಅಂತ ಕೆಲವರು ಕೇಳ್ತಾರೆ. ಅದು ನುಡಿಸಿದ್ದಕ್ಕೆ ಕೂಲಿ. ಬೇರೆ ಯಾವುದೋ ಬ್ಯಾಂಡು ಅದೇ ಮಾರ್ಚ್ ನುಡಿಸಿ ಮಾರಿದ್ರೆ ಬರೆದವರಿಗೆ ಏನು? ಎರಡನ್ನೂ ಕಲಸಬಾರದು. 1908ರಲ್ಲಿ ಸುಪ್ರೀಂ ಕೋರ್ಟು ಕೂಡ, ವೈಟ್-ಸ್ಮಿತ್ ಅನ್ನೋ ಸಂಗೀತ ಪಬ್ಲಿಷರ್ ಕಂಪನಿ ಹಾಕಿದ್ದ ಕೇಸಲ್ಲಿ, ಪಿಯಾನೋ ರೋಲ್ ಅನ್ನೋದು ಸಂಗೀತದ ಕಾಪಿ ಅಲ್ಲ, ಅದು ಯಂತ್ರದ ಭಾಗ ಅಂತ ತೀರ್ಪು ಕೊಡ್ತು. ಕಾನೂನೇ ಬದಲಾಗಬೇಕಿತ್ತು, 1909ರಲ್ಲಿ ಬದಲಾಯ್ತು. ಒಂದೊಂದು ರೆಕಾರ್ಡಿಗೆ, ಒಂದೊಂದು ರೋಲಿಗೆ 2 ಸೆಂಟ್ ಬರೆದವರಿಗೆ ಸೇರಬೇಕು. ಸೂಸಾ, ವಿಕ್ಟರ್ ಹರ್ಬರ್ಟ್ ಥರದ ಸಂಯೋಜಕರು ಹೋಗಿ ಗಂಟಲು ಹರ್ಕೊಂಡಿದ್ದರ ಫಲ ಅದು. ಆ 2 ಸೆಂಟ್ 1978ರವರೆಗೂ ಹಾಗೇ ನಡೀತು. ಇವತ್ತು ಒಂದು ಹಾಡು ರೆಕಾರ್ಡ್ ಆದ್ರೆ ಹಾಡಿದವರ ಜೊತೆ ಬರೆದವರಿಗೂ ಪಾಲು ಬರುತ್ತೆ ಅಂದ್ರೆ ಅದರ ಬೇರು ಇಲ್ಲೇ ಇದೆ.

ಜನ ಹಾಡೋದು ನಿಲ್ಲಿಸ್ತಾರೆ ಅನ್ನೋ ಭಯದ ಬಗ್ಗೆ ಹೇಳ್ಬೇಕಂದ್ರೆ, ಗಂಟಲೇನೂ ಉದುರಿಲ್ಲ. ಆದ್ರೆ ಸಂಜೆ ಹೊತ್ತು ಮನೆ ಮುಂದೆ ಕೂತು ಹಾಡೋ ಗುಂಪುಗಳು ನಮ್ಮಲ್ಲೂ ಎಷ್ಟು ಉಳಿದಿವೆ? ಹಬ್ಬಕ್ಕೆ ಭಜನೆಯ ಪೆನ್‌ಡ್ರೈವ್ ಹಾಕಿ ಸ್ಪೀಕರ್ ಕಟ್ಟೋದು ನಾವೇ ಅಲ್ವಾ. ಅವರು ಹೇಳಿದ್ದನ್ನ ಪೂರ್ತಿ ತಳ್ಳಿಹಾಕೋಕೆ ನಂಗೆ ಮನಸ್ಸು ಬರಲ್ಲ.

ಮೆಷಿನ್ ಕಂಡ್ರೆ ಆಗದೇ ಇದ್ದಿದ್ದಕ್ಕೆ ಇನ್ನೊಂದು ಕಾರಣಾನೂ ಇರಬೇಕು ಅನ್ನೋದು ನನ್ನ ಅನಿಸಿಕೆ, ಅದು ಅವರು ಸ್ಟೇಜ್ ಮೇಲೆ ಮಾಡ್ತಿದ್ದ ಕೆಲಸ ಗೊತ್ತಾದಾಗ ಅನ್ಸಿದ್ದು. ಸೂಸಾ ಮಾರ್ಚುಗಳನ್ನ ಕಾರ್ಯಕ್ರಮ ಪಟ್ಟಿಯಲ್ಲಿ ಹೆಚ್ಚಾಗಿ ಹಾಕ್ತಿರ್ಲಿಲ್ಲ, ಒಂದು ದೊಡ್ಡ ಕೃತಿ ಮುಗಿದು ಚಪ್ಪಾಳೆ ಬೀಳ್ತಿರೋವಾಗಲೇ ಮಾರ್ಚ್ ಶುರು ಮಾಡಿಬಿಡ್ತಿದ್ರು, ಒಬ್ಬ ಹುಡುಗ ಅದರ ಹೆಸರಿನ ಬೋರ್ಡ್ ಎತ್ತಿ ತೋರಿಸ್ತಿದ್ದ. ಅಚ್ಚಾದ ಶೀಟಲ್ಲಿ ಇಲ್ಲದ ಬದಲಾವಣೆಗಳನ್ನ ತಮ್ಮ ಬ್ಯಾಂಡಿಗೆ ಮಾತ್ರ ಹೇಳಿಕೊಟ್ಟಿದ್ರು. ಟ್ರಿಯೋ ಮೊದಲ ಸಲ ಬಂದಾಗ ಕಾರ್ನೆಟ್, ಟ್ರಾಂಬೋನ್, ಸಿಂಬಲ್ ಎಲ್ಲಾ ಸುಮ್ಮನಿರಬೇಕು, ಕ್ಲಾರಿನೆಟ್ ಕೆಳಗಿನ ಸ್ಥಾಯಿಯಲ್ಲಿ ಮೆತ್ತಗೆ ಹಾಡಬೇಕು, ಕೊನೇ ಸಲಕ್ಕೆ ಎಲ್ಲರೂ ಒಟ್ಟಿಗೆ ನುಗ್ಗಬೇಕು, ಎಲ್ಲೋ ಒಂದು ಕಡೆ ದೊಡ್ಡ ಡ್ರಮ್ಮಿಗೆ ಬರೆಯದೇ ಇರೋ ಒಂದು ಏಟು. ಬೇರೆ ಬ್ಯಾಂಡುಗಳು ಅದೇ ಶೀಟು ತಗೊಂಡು ನುಡಿಸಿದ್ರೂ ಸೂಸಾ ಬ್ಯಾಂಡಿನ ಹಾಗೆ ಕೇಳ್ತಿರ್ಲಿಲ್ಲ ಅಂದ್ರೆ ಗುಟ್ಟು ಇದು. ಈಗ ಹೇಳಿ, ಮೆತ್ತಗಿರೋದು ಕೇಳಿಸದ, ಜೋರಾಗಿರೋದಕ್ಕೆ ಸೂಜಿ ಹಾರೋ ಮೆಷಿನ್ ಮುಂದೆ ಇಂಥ ಮನುಷ್ಯ ನಿಂತು ಏನು ಮಾಡಬೇಕಿತ್ತು?

ಆ ಗುಟ್ಟುಗಳು ಅದೃಷ್ಟಕ್ಕೆ ಕಳೆದುಹೋಗ್ಲಿಲ್ಲ. ಅವರ ಬ್ಯಾಂಡಲ್ಲಿ ನುಡಿಸಿದ್ದ ಫ್ರಾಂಕ್ ಸೈಮನ್ ಥರದ ಕಾರ್ನೆಟ್ ವಾದಕರು ನೆನಪಿಟ್ಕೊಂಡು ಮುಂದಿನವರಿಗೆ ದಾಟಿಸಿದ್ರು. ಈಗಿನ ಮರೀನ್ ಬ್ಯಾಂಡು ಅದನ್ನೆಲ್ಲಾ ಗುರುತು ಹಾಕಿ ಸೂಸಾ ಅವರ ಎಲ್ಲಾ ಮಾರ್ಚುಗಳನ್ನ ಸಾಲಾಗಿ ರೆಕಾರ್ಡ್ ಮಾಡಿ, ಸ್ಕೋರ್ ಸಮೇತ ಫ್ರೀಯಾಗಿ ಇಡ್ತಾ ಬಂದಿದೆ. ಒಂದೇ ಮಾರ್ಚನ್ನ ಮೊದಲು 1890ರ ದಶಕದ ಸಿಲಿಂಡರಲ್ಲಿ, ಆಮೇಲೆ ವಿಕ್ಟರ್ ತಟ್ಟೇಲಿ, ಆಮೇಲೆ ಈ ಹೊಸದರಲ್ಲಿ ಕೇಳಿ. ನಾನು ‘ದ ಥಂಡರರ್’ ಹಾಗೆ ಕೇಳಿದಾಗ ಇಷ್ಟು ದಿನ ಮಾರ್ಚಿನ ಅಸ್ಥಿಪಂಜರ ಮಾತ್ರ ನೋಡ್ತಿದ್ದೆ ಅನ್ನಿಸ್ತು.

ಖುದ್ದು ಸೂಸಾ ನಡೆಸಿದ ಆ ಬೆರಳೆಣಿಕೆ ರೆಕಾರ್ಡುಗಳು ಹೆಚ್ಚಾಗಿ ಮೊದಲ ಮಹಾಯುದ್ಧದ ಹೊತ್ತಿನವು. 1917ರಲ್ಲಿ 62ನೇ ವಯಸ್ಸಿಗೆ ನೌಕಾಪಡೆಯ ರಿಸರ್ವ್‌ನಲ್ಲಿ ಲೆಫ್ಟಿನೆಂಟ್ ಆಗಿ ಸೇರಿ, ಗ್ರೇಟ್ ಲೇಕ್ಸ್ ತರಬೇತಿ ಕೇಂದ್ರದಲ್ಲಿ ಹುಡುಗರ ಬ್ಯಾಂಡ್ ತಯಾರು ಮಾಡಿದ್ರು. ಸಂಬಳ ತಿಂಗಳಿಗೆ ಒಂದು ಡಾಲರ್ ಸಾಕು ಅಂದ್ರು. ಆ ದಿನಗಳಲ್ಲೇ ಆ ಪ್ರಸಿದ್ಧ ಗಡ್ಡಾನೂ ಬೋಳಿಸಿದ್ರು, ಜನಕ್ಕೆ ಗುರುತೇ ಸಿಗದ ಹಾಗಾಯ್ತಂತೆ. 1917ರ ‘ಯು.ಎಸ್. ಫೀಲ್ಡ್ ಆರ್ಟಿಲರಿ’, 1918ರ ‘ಸೇಬರ್ ಅಂಡ್ ಸ್ಪರ್ಸ್’ ವಿಕ್ಟರ್ ತಟ್ಟೆಗಳಲ್ಲಿ ಕೋಲು ಅವರದ್ದೇ. ಎರಡೂ ನ್ಯಾಷನಲ್ ಜೂಕ್‌ಬಾಕ್ಸಲ್ಲಿ ಹುಡುಕಿ. ನಡೆ ಬಿಗಿಯಾಗಿದೆ, ಆದ್ರೆ ಅವಸರ ಇಲ್ಲ, ಒಂದೊಂದು ಹೆಜ್ಜೆಯೂ ನೆಲಕ್ಕೆ ಪೂರ್ತಿ ಊರಿದ ಮೇಲೇನೇ ಮುಂದಿನದು. 1929ರಲ್ಲಿ ರೇಡಿಯೋಗೂ ಒಪ್ಕೊಂಡ್ರು. 1932ರ ಮಾರ್ಚ್ 6ರಂದು ಪೆನ್ಸಿಲ್ವೇನಿಯಾದ ರೆಡಿಂಗ್ ಊರಲ್ಲಿ, ಅಲ್ಲಿನ ರಿಂಗ್‌ಗೋಲ್ಡ್ ಬ್ಯಾಂಡಿಗೆ ರಿಹರ್ಸಲ್ ಮಾಡಿಸಲು ಹೋಗಿದ್ದಾಗ ಹೋಟೆಲ್ಲಲ್ಲೇ ತೀರ್ಕೊಂಡ್ರು. ಕೊನೆಗೆ ನಡೆಸಿದ್ದು ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್.

ನಮ್ಮ ಕಡೆಗೂ ಇದರಿಂದ ಒಂದು ದಾರಿ ಬರುತ್ತೆ, ಅದನ್ನ ಹೇಳದೆ ಮುಗಿಸೋಕಾಗಲ್ಲ. ಮರೀನ್ ಬ್ಯಾಂಡಿನ ಸಿಲಿಂಡರ್ ಮಾಡ್ತಿದ್ದ ಅದೇ ಕೊಲಂಬಿಯಾದಲ್ಲಿ, ಅದೇ ವಾಷಿಂಗ್ಟನ್‌ನಲ್ಲಿ, ಫ್ರೆಡ್ ಗೈಸ್‌ಬರ್ಗ್ ಅನ್ನೋ ಹುಡುಗ ಪಿಯಾನೋ ನುಡಿಸೋ ಕೆಲಸ ಮಾಡ್ತಿದ್ದ. ಕೆಲಸ ಕಲಿತು ಬರ್ಲಿನರ್ ಹತ್ರ ಹೋಗಿ, ಅಲ್ಲಿಂದ ಲಂಡನ್‌ನ ಗ್ರಾಮಫೋನ್ ಕಂಪನಿಗೆ ಹೋಗಿ, 1902ರ ನವೆಂಬರ್‌ನಲ್ಲಿ ಹಾರ್ನ್, ಮೇಣ ಎಲ್ಲಾ ಹೊತ್ಕೊಂಡು ಕಲ್ಕತ್ತಾಗೆ ಬಂದು ಗೌಹರ್ ಜಾನ್ ಅವರ ಹಾಡು ರೆಕಾರ್ಡ್ ಮಾಡಿದ್ದು ಇದೇ ಗೈಸ್‌ಬರ್ಗ್. ಹಾಡಿನ ಕೊನೆಗೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಅಂತ ಆಕೆ ಕೂಗೋದು ಎಲ್ಲರಿಗೂ ಗೊತ್ತು, ವಾಷಿಂಗ್ಟನ್ ಸಿಲಿಂಡರ್‌ಗಳ ಶುರುವಿಗೆ ಆ ಗಂಡಸು ಕೂಗ್ತಿದ್ದನಲ್ಲ, ಇದೂ ಅದಕ್ಕೇ, ತಟ್ಟೆ ಅಚ್ಚು ಹಾಕೋ ದೂರದ ಹ್ಯಾನೋವರ್‌ನವರಿಗೆ ಇದು ಯಾರ ಹಾಡು ಅಂತ ತಿಳೀಲಿ ಅಂತ. ಅದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಆಶ್ರಯದಲ್ಲಿ ಮೈಸೂರಿಗೆ ಆಸ್ಥಾನ ಗಾಯಕಿಯಾಗಿ ಬಂದು, 1930ರ ಜನವರಿಯಲ್ಲಿ ಮೈಸೂರಲ್ಲೇ ತೀರ್ಕೊಂಡ್ರು.

ಮೈಸೂರಿನ ಅರಮನೆ ಬ್ಯಾಂಡು, ಪೊಲೀಸ್ ಬ್ಯಾಂಡುಗಳ ಹಳೇ ರೆಕಾರ್ಡು ಯಾರ ಮನೇಲಾದ್ರೂ ಇದ್ರೆ, ತಟ್ಟೆಯಾಗ್ಲಿ ಟೇಪ್ ಆಗ್ಲಿ, ದಯವಿಟ್ಟು ಕಾಮೆಂಟಲ್ಲಿ ತಿಳಿಸಿ. ಒಡೆದ ತಟ್ಟೆ ಆದ್ರೂ ಪರವಾಗಿಲ್ಲ, ಲೇಬಲ್ ಫೋಟೋ ಸಿಕ್ರೂ ಸಾಕು, ಯಾವ ಮಾರ್ಚ್ ನುಡಿಸ್ತಿದ್ರು, ಯಾರು ನಡೆಸ್ತಿದ್ರು ಅಂತ ಹುಡುಕೋಕೆ ನಾನು ರೆಡಿ.